ಫಿನಾಯಿಲ್ ಹಾಕಿ ತೊಳೆದ ಎರಡು ಭಾಷೆಗಳು

ಕೇಳಲಾರದವನು ನಾಲಿಗೆ ಡೊಂಕು ಅಂದನಂತೆ. ಗಾದೆ ಇರುವುದು ಹಾಗಲ್ಲ, ಅದು ಕುಣಿಯಲಾರದವಳ ನೆಲದ ವಿಷಯ ಎಂದು ಎದ್ದು ನಿಲ್ಲಬೇಡಿ, ನನಗೂ ಗೊತ್ತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ನಾನು ಗಾದೆಯನ್ನು ತಿರುಚಿದ್ದೇನೆ, ಕತೆಗೆ ಕೈ ಹಚ್ಚಿಲ್ಲ. ಇದು ನಡೆದದ್ದು ನಡೆದ ಹಾಗೆ. ಅನುಮಾನವಿದ್ದರೆ ನಮ್ಮ ಭಾವನನ್ನೇ ಕೇಳಿ. ಹೋಗುವಾಗ ಕೈಕಾಲು ತೊಳೆದುಕೊಂಡು ಹೋಗಿ, ಇಲ್ಲದಿದ್ದರೆ ಹೊಸಿಲು ದಾಟಲು ಬಿಡುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊಟಕ್ಕೆ ಮೊದಲು ತೊಳೆದ ಚಮಚವನ್ನು ಮತ್ತೆ ತೊಳೆಯುವವರು, ತೊಳೆದ ನೀರನ್ನು ಅನುಮಾನದಿಂದ ನೋಡುವವರು. ಬಂಧುಬಳಗದಲ್ಲಿ ಅವರಿಗೆ ಫಿನಾಯಿಲ್ ಭಾವ ಎಂದೇ ಹೆಸರು. ದೇವರು ಇಂಥವರಿಗೆ ಇಂಥ ಕೆಲಸ ಎಂದು ಹಂಚುವಾಗ ಎಂದೂ ಇಷ್ಟು ಎಚ್ಚರವಾಗಿದ್ದಿಲ್ಲ. ನಮ್ಮ ಧ್ವನಿ ಸಂಗ್ರಹಾಲಯದಲ್ಲಿ ಅವರಿಗೆ ಸಿಕ್ಕಿದ್ದು ಸದ್ದು ತೊಳೆಯುವ ಕೆಲಸ. ಹಳೆಯ ರೆಕಾರ್ಡಿಂಗುಗಳಲ್ಲಿ ಫ್ಯಾನಿನ ಗೊರಗೊರ, ಕೆಮ್ಮು, ನಾಯಿ ಬೊಗಳು, ಕುರ್ಚಿ ಕಿರ್ರೆನ್ನುವುದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುವುದು. ಒಮ್ಮೆ ಯಾರದೋ ಬೀಳ್ಕೊಡುಗೆ ಸಭೆಯ ಟೇಪು ಬಂದಿತ್ತು. ಭಾವ ತೊಳೆದ ಮೇಲೆ ಅದರಲ್ಲಿ ಚಪ್ಪಾಳೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಪಾಪ, ಆ ಮನುಷ್ಯ ಯಾರಿಗೂ ಬೇಡವಾಗಿ ಹೋದ ಹಾಗೆ ಕೇಳುತ್ತಿತ್ತು.

ತೊಳೆದ ಮೇಲೆ ಮೂಲವನ್ನು ಭಾವ ಇಟ್ಟುಕೊಳ್ಳುವುದಿಲ್ಲ. ಏಕೆಂದು ಕೇಳಿದರೆ, "ಬಟ್ಟೆ ಒಗೆದ ನೀರನ್ನ ಯಾರಾದರೂ ಬಾಟಲಿಗೆ ತುಂಬಿಡ್ತಾರೇನೋ?" ಎನ್ನುತ್ತಾರೆ.

ನನ್ನದು ಅದೇ ಕಟ್ಟಡದಲ್ಲಿ ಬೋರ್ಡು ಬರೆಯುವ ಕೆಲಸ. ಯಾವ ಗುಂಡಿ ಒತ್ತಿದರೆ ಯಾರ ದನಿ ಕೇಳುತ್ತದೆ ಎಂದು ಜನಕ್ಕೆ ತಿಳಿಯುವ ಹಾಗೆ ಬರೆಯುವುದು. ಬಿಡುವಿನಲ್ಲಿ ಮಿಮಿಕ್ರಿ. ನಮ್ಮ ಡೈರೆಕ್ಟರಮ್ಮನ ದನಿಯಲ್ಲಿ ನಾನು "ಯಾರದು ಅಲ್ಲಿ ಹರಟೆ?" ಎಂದರೆ ಒಮ್ಮೊಮ್ಮೆ ನಾನೇ ಹೆದರಿ ಎದ್ದು ನಿಲ್ಲುತ್ತೇನೆ.

ಆ ಸಲದ ಪ್ರದರ್ಶನಕ್ಕೆ ಡೈರೆಕ್ಟರಮ್ಮ ದೂರದೇಶಗಳ ಎರಡು ಭಾಷೆ ಆರಿಸಿದರು, ಹ್ಮಾಂಗ್ ಮತ್ತು ಖೋಸಾ. ಎರಡು ಕುರ್ಚಿ, ಎರಡು ಹೆಡ್‌ಫೋನು, ನಡುವೆ ಒಂದು ಪರದೆ. ಈ ಕಿವಿಗೆ ಅದು, ಆ ಕಿವಿಗೆ ಇದು, ಕೇಳಿ ಹೋಲಿಸಿಕೊಳ್ಳಿ ಎಂದು. ನಾನು ಬೋರ್ಡಿಗೆ 'ಎರಡು ನಾಲಿಗೆ' ಎಂದು ಹೆಸರು ಬರೆದೆ. ಡೈರೆಕ್ಟರಮ್ಮ, "ಉದ್ಘಾಟನೆಗೆ ದೊಡ್ಡವರು ಬರ್ತಾರೆ, ತಮ್ಮ ಬಗ್ಗೆನೇ ಬರೆದಿದ್ದು ಅಂದ್ಕೋತಾರೆ" ಎಂದು ಅಳಿಸಿ ಹಾಕಿಸಿದರು.

ಖೋಸಾಗೆ ದನಿ ಕೊಟ್ಟವರು ಎದುರು ರಸ್ತೆಯ ಕಿವಿ ಆಸ್ಪತ್ರೆಯ ನರ್ಸು. ಹ್ಮಾಂಗ್‌ಗೆ ದನಿ ಕೊಟ್ಟವರು ನಮ್ಮ ಪರದೆಗಳನ್ನೆಲ್ಲ ಹೊಲಿಯುವ ಟೈಲರಮ್ಮ. ಇಬ್ಬರೂ ನಮ್ಮ ಮಾತನ್ನು ನನಗಿಂತ ಚೆನ್ನಾಗಿ ಆಡುತ್ತಾರೆ, ನನಗಿಂತ ಚೆನ್ನಾಗಿ ಬೈಯುತ್ತಾರೆ ಕೂಡ. ಬೋರ್ಡು ಬರೆಯಲು ನಾನು ಅವರಿಬ್ಬರ ಹತ್ತಿರ ಪಾಠಕ್ಕೆ ಕೂತೆ.

"ನಮ್ಮಲ್ಲಿ ಮೂರು ಥರದ ಟಿಕ್ ಇದೆ," ಎಂದರು ನರ್ಸು. "ನೀವು ಅಯ್ಯೋ ಪಾಪ ಅಂತ ಲೊಚಗುಟ್ತೀರಲ್ಲ, ಅದು ಒಂದು. ಬಾಟಲಿ ಬಿರಡೆ ತೆಗೆದಂಗೆ ಟೊಕ್ ಅನ್ನೋದು ಒಂದು. ಕುದುರೆ ಓಡಿಸೋನು ದವಡೆ ಪಕ್ಕದಿಂದ ಸದ್ದು ಮಾಡ್ತಾನಲ್ಲ, ಅದು ಇನ್ನೊಂದು. ನಮ್ಮ ಭಾಷೆ ಹೆಸರೇ ಆ ಕುದುರೆ ಸದ್ದಿನಿಂದ ಶುರು. ನೀವು ಖೋಸಾ ಅಂದ್ರೆ ಕುದುರೆ ಕದಲಲ್ಲ."

"ನಮ್ಮಲ್ಲಿ ರಾಗ," ಎಂದರು ಟೈಲರಮ್ಮ. "'ಪಾ' ಅನ್ನೋ ಒಂದೇ ಶಬ್ದ. ಮೇಲಿಂದ ಜಾರಿಸಿದ್ರೆ ಹೂವು. ಮೇಲೇ ನಿಲ್ಲಿಸಿದ್ರೆ ಸಹಾಯ. ಕೆಳಗಿಳಿಸಿ ಗಂಟಲು ಬಿಗಿ ಹಿಡಿದ್ರೆ ಕಂಬಳಿ. ಬರೆಯುವಾಗ ಕೊನೇಲಿ ಒಂದು ಅಕ್ಷರ ಬರೀತೀವಿ, ಅದನ್ನ ಓದಬಾರದು. ಅದು ರಾಗದ ಗುರುತು ಅಷ್ಟೆ."

"ನಮ್ಮಲ್ಲೂ ಇದೆ ಬಿಡಿ," ಎಂದೆ ನಾನು ಬಿಟ್ಟುಕೊಡದೆ. "ಹೂಂ ಅಂದ್ರೆ ಸರಿ. ಹೂಂ? ಅಂದ್ರೆ ಏನು. ಹೂಂಽಽ ಅಂದ್ರೆ ಮಾಡಿದ್ದುಣ್ಣೋ ಮಹರಾಯ."

"ಮತ್ತೆ ಮಾತುಗಳು?" ಎಂದು ಕೇಳಿದಾಗ ಟೈಲರಮ್ಮ, "ನಮ್ಮದು ಅಂಗಿ ಗುಂಡಿ ಥರ ಪುಟ್ಟ ಪುಟ್ಟದು, ಒಂದೊಂದೇ ಬಿಡಿಬಿಡಿ," ಎಂದರು. ನರ್ಸು ನಕ್ಕು, "ನಮ್ಮದು ಉದ್ದ. ಜತೆಗೆ ಮನೆಯೋರೆಲ್ಲ ಒಂದೇ ಥಾನಿನಲ್ಲಿ ಅಂಗಿ ಹೊಲಿಸ್ಕೊಂಡಂಗೆ, ವಾಕ್ಯದಲ್ಲಿ ಒಂದು ಪದ ಯಾವ ಬಣ್ಣ ಹಾಕ್ಕೊಂಡ್ರೆ ಮಿಕ್ಕವೂ ಅದೇ ಬಣ್ಣ," ಎಂದರು. ಎಲ್ಲವನ್ನೂ ನಾನು ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದೆ. ಭಾವ ಅದನ್ನು ಓದಲಿಲ್ಲ. ಅವರು ಕಿವಿಯ ಮನುಷ್ಯ, ಬೋರ್ಡು ಓದುವುದಿಲ್ಲ.

ರೆಕಾರ್ಡಿಂಗಿನ ದಿನ ನಾನೂ ಅಲ್ಲಿದ್ದೆ. ನರ್ಸು ತಮ್ಮ ಕತೆ ಹೇಳಿದರು. ಕಿಕ್ಕಿರಿದ ಬಸ್ಸು, ಮಡಿಲಲ್ಲಿ ಮೊಟ್ಟೆಯ ಬುಟ್ಟಿ, ನೂಕುನುಗ್ಗಲಲ್ಲಿ ಕಿವಿಯ ಓಲೆ ಬಿದ್ದುಹೋಗಿ, ಎಲ್ಲರಿಗೂ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಕಾಲ ಸಂದಿಯಲ್ಲಿ ಹುಡುಕಿದ್ದು. ಟೈಲರಮ್ಮ ತಮ್ಮ ಅಜ್ಜಿ ಕಂಬಳಿಯ ಮೇಲೆ ಹೂವು ಹಾಕುವಾಗ ಸೂಜಿಗೆ ದಾರ ಪೋಣಿಸಲು ತಮ್ಮನ್ನು ಸಹಾಯಕ್ಕೆ ಕರೆದದ್ದನ್ನು ಹೇಳಿದರು. ಮುಗಿದ ಮೇಲೆ ಭಾವ ಬಹಳ ಮರ್ಯಾದೆಯಿಂದ, "ಸಿಸ್ಟರ್, ನಿಮ್ಮ ಹಲ್ಲಿನ ಸೆಟ್ಟೇನಾದರೂ ಸಡಿಲ ಇದೆಯಾ?" ಎಂದು ಕೇಳಿದರು.

ನರ್ಸು ನಕ್ಕು ಎಲ್ಲವನ್ನೂ ಬಿಡಿಸಿ ಹೇಳಿದರು. ಭಾವ ತಲೆ ಆಡಿಸಿದರು. ಆಮೇಲೆ ಗೊತ್ತಾಯಿತು, ಅವರು ಆಗ ಹೆಡ್‌ಫೋನು ಸರಿಮಾಡಿಕೊಳ್ಳುತ್ತಿದ್ದರಂತೆ.

ಭಾವ ಎಂಟ್ಹತ್ತು ವರ್ಷದಿಂದ ಅಲ್ಲಿ 'ತಾತ್ಕಾಲಿಕ'. ಈ ಪ್ರದರ್ಶನ ಚೆನ್ನಾಗಿ ಆದರೆ ಧ್ವನಿ ವಿಭಾಗದ ಮುಖ್ಯಸ್ಥ, ಕೈಕೊಟ್ಟರೆ ನೆಲಮಾಳಿಗೆಯ ಗೋದಾಮಿನಲ್ಲಿ ಟೇಪುಗಳ ಧೂಳು ಒರೆಸುವುದು ಎಂದು ಡೈರೆಕ್ಟರಮ್ಮ ಹೇಳಿಬಿಟ್ಟಿದ್ದರು. ಧೂಳು ಒರೆಸುವುದಕ್ಕೆ ಭಾವನಿಗೆ ಬೇಸರವಿಲ್ಲ, ಆದರೆ ಅಕ್ಕನಿಗಿತ್ತು. ಹೀಗಾಗಿ ಭಾವ ಆ ಎರಡು ಟೇಪನ್ನು ಜನ್ಮದಲ್ಲಿ ತೊಳೆಯದ ಹಾಗೆ ತೊಳೆದರು. ಡೈರೆಕ್ಟರಮ್ಮ ಕೇಳಿ, "ಎಷ್ಟು ಶುಭ್ರ! ಕನ್ನಡಿ ಇದ್ದಂಗಿದೆ!" ಎಂದು ಕೊಂಡಾಡಿದರು. ಅವತ್ತು ರಾತ್ರಿ ಅಕ್ಕ ಕೊಟ್ಟ ಚಮಚವನ್ನು ಭಾವ ಒಂದೇ ಸಲ ತೊಳೆದರಂತೆ. ಅಷ್ಟು ಸಂತೋಷ.

ಉದ್ಘಾಟನೆಗೆ ಎರಡು ದಿನವಿದ್ದಾಗ ನರ್ಸು, ಟೈಲರಮ್ಮ ತಮ್ಮ ದನಿ ಹೇಗೆ ಬಂದಿದೆ ಎಂದು ಕೇಳಲು ಬಂದರು. ಭಾವ ಊಟಕ್ಕೆ ಹೋಗಿದ್ದರು. ನಾನೇ ಹೆಡ್‌ಫೋನು ಕೊಟ್ಟೆ.

ನರ್ಸಿನ ಹುಬ್ಬು ಮೇಲೆ ಹೋಯಿತು, ಹೋದದ್ದು ಇಳಿಯಲಿಲ್ಲ.

"ಇದು ಯಾರು?"

"ನೀವೇ ಸಿಸ್ಟರ್."

"ನಾನಾ? ಹಲ್ಲೆಲ್ಲ ಉದುರಿದ ಮೇಲೆ ರೆಕಾರ್ಡ್ ಮಾಡಿದ್ರಾ?"

ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಮೊಟ್ಟೆಗೆ ಅವರ ಮಾತು 'ಇಕಾಂಡಾ' ಎನ್ನುವ ಹಾಗಿರುತ್ತದೆ, ಕಾ ಇರುವಲ್ಲಿ ಬಾಟಲಿಯ ಬಿರಡೆ. ಬಿರಡೆ ಮಾಯ, 'ಇ-ಆಂಡಾ'. ಕ್ಷಮಿಸಿ ಎನ್ನುವುದರಲ್ಲಿ ಕುದುರೆ ಮಾಯ, 'ಉ-ಓಲೋ'. ಓಲೆಗೆ ಅವರ ಪದದಲ್ಲಿ ಎರಡು ಲೊಚಗುಟ್ಟುವ ಸದ್ದು. ಎರಡೂ ಹೋಗಿ ಉಳಿದದ್ದು 'ಇ-ಇ-ಇ'.

"ಓಲೆ ಕಳಕೊಂಡೋಳು ಇಇಇ ಅಂತಿದೀನಲ್ಲ ಮಾರಾಯ," ಎಂದರು ನರ್ಸು. "ಅಳ್ತಿದೀನೋ ಹಲ್ಲು ಕಿಸೀತಿದೀನೋ ನನಗೇ ಗೊತ್ತಾಗ್ತಿಲ್ಲ."

ಟೈಲರಮ್ಮ ತಮ್ಮ ಹೆಡ್‌ಫೋನು ಮೆಲ್ಲಗೆ ತೆಗೆದಿಟ್ಟರು. "ನಂದಕ್ಕೆ ಇಸ್ತ್ರಿ ಹೊಡೆದಿದಾರೆ. ಒಂದು ಏರಿಲ್ಲ, ಒಂದು ಇಳಿತಿಲ್ಲ. ಹೂವೂ ಪಾ, ಸಹಾಯಾನೂ ಪಾ, ಕಂಬಳೀನೂ ಪಾ. ನಮ್ಮಜ್ಜಿ ಪಾಪ, ಪಾ ಮೇಲೆ ಪಾ ಹಾಕ್ತಾ ಪಾ ಅಂತ ಕರೀತಿದಾಳೆ."

ನಾನು ಭಾವನ ಕಂಪ್ಯೂಟರು ನೋಡಿದೆ. ಹಳೆಯ ರೆಕಾರ್ಡಿನ ಗೀರು ತೆಗೆಯುವ ಗುಂಡಿಯೊಂದಿದೆ, ಟಿಕ್ ಎಂದದ್ದನ್ನೆಲ್ಲ ಹೆಕ್ಕಿ ಎಸೆಯುತ್ತದೆ. ಟೇಪು ಎಳೆದುಕೊಂಡು ದನಿ ಓಲಾಡುವುದನ್ನು ನೇರ ಮಾಡುವ ಗುಂಡಿ ಇನ್ನೊಂದು. ಭಾವ ಎರಡನ್ನೂ ಮನಸಾರೆ ಒತ್ತಿದ್ದರು. ಮೂಲ ಇರಲಿಲ್ಲ, ಬಾಟಲಿಗೆ ತುಂಬಿಡಬೇಕಲ್ಲ.

"ನೇರವಾಗಿ ಹೇಳಿಬಿಡೋಣ," ಎಂದರು ಟೈಲರಮ್ಮ.

"ನಾನು ಅವತ್ತೇ ಹೇಳಿದ್ನಲ್ಲ!" ಎಂದರು ನರ್ಸು.

"ಹೇಳಿದ್ರೆ ಕಸ ಕಸಾನೇ ಅಂತಾರೆ," ಎಂದೆ. "ಆ ಮನುಷ್ಯನಿಗೆ ಕೇಳಿಸಬೇಕು. ಅವರ ಸ್ವಂತ ಮಾತನ್ನೇ ತೊಳೆದು ಕೊಡೋಣ."

ನಮ್ಮ ಮಾತಿನಲ್ಲಿ ಟಿಕ್ ಇಲ್ಲ. ಹಾಗಾಗಿ ಬಾಯಿಯ ಹಿಂಭಾಗದಲ್ಲಿ ಕಟ್ ಎಂದು ಹುಟ್ಟುವ ಕಕಾರವನ್ನೇ ತೆಗೆಯುವುದೆಂದು ತೀರ್ಮಾನವಾಯಿತು. ಟೈಲರಮ್ಮ ತಮ್ಮ ಪಾಲಿಗೆ ಇಸ್ತ್ರಿಯನ್ನೇ ಆರಿಸಿಕೊಂಡರು. ಅಕ್ಕನಿಗೆ ಫೋನ್ ಮಾಡಿ ಒಪ್ಪಿಸಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಇಷ್ಟು ವರ್ಷ ಚಮಚ ತೊಳೆದವಳು.

ಮರುದಿನ ಬೆಳಗ್ಗೆ ಭಾವ ಒಳಗೆ ಬರುವಾಗಲೇ ಬಾಗಿಲ ಕಾವಲಿನವನು ಸೆಲ್ಯೂಟ್ ಹೊಡೆದು, "ನಮಸ್‌ಆರ ಸಾರ್" ಎಂದ. ಭಾವ ತಲೆ ತಗ್ಗಿಸಿ ಕಿವಿ ಕೊಡವಿಕೊಂಡರು.

"ಭಾವ, ಆಫಿ ಉಡಿದ್ರಾ?" ಎಂದೆ ನಾನು.

"ಏನು?"

"ಆಫಿ. ಆಫಿ ಉಡಿದ್ರಾ ಅಂದೆ."

"ಹಾಗಂದ್ರೆ?"

"ಅಪ್ಪಿನಲ್ಲಿದೆ ನೋಡಿ. ಆರಿ ಹೋಗುತ್ತೆ, ಬೇಗ ಉಡೀರಿ."

ಭಾವ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು, ಕಿರುಬೆರಳನ್ನು ಕಿವಿಯೊಳಗೆ ಹಾಕಿ ತಿರುಗಿಸಿದರು. ಅಷ್ಟರಲ್ಲಿ ಅಕ್ಕನ ಫೋನು. ಅವರ ಫೋನು ಎಷ್ಟು ಜೋರೆಂದರೆ ನನಗೂ ಕೇಳುತ್ತಿತ್ತು.

"ರೀ, ನಿಮ್ಮ ಅನ್ನಡಅ ಮನೇಲೇ ಬಿಟ್ಟು ಹೋಗಿದೀರಿ."

"ಏನು ಬಿಟ್ಟಿದೀನಿ?"

"ಅನ್ನಡಅ ರೀ, ಅನ್ನಡಅ! ಮೂಗಿನ ಮೇಲೆ ಇಟ್ಟೋತೀರಲ್ಲ ಅದು. ಮತ್ತೆ ಸಂಜೆ ಬರ್ತಾ ಒಂದು ಅತ್ತರಿ ತನ್ನಿ. ಹಳೇದು ಮುರಿದು ಹೋಯ್ತು."

ಭಾವ ಫೋನನ್ನು ಸ್ಪಿರಿಟ್ ಹಾಕಿ ಒರೆಸಿದರು. ಹತ್ತಿ ಸುತ್ತಿದ ಕಡ್ಡಿ ತಂದು ಕಿವಿ ತೊಳೆದರು. ಹೆಡ್‌ಫೋನು ಬದಲಿಸಿದರು. ಶ್ರುತಿ ನೋಡುವ ಉಕ್ಕಿನ ಕವೆಯನ್ನು ಮೇಜಿಗೆ ಬಡಿದು ಬಲಗಿವಿಗೆ, ಎಡಗಿವಿಗೆ, ಕೊನೆಗೆ ಅನುಮಾನ ಬಂದು ನನ್ನ ಕಿವಿಗೂ ಹಿಡಿದರು.

"ಕೇಳ್ತಿದೆಯೇನೋ?"

"ಏಳ್ತಿದೆ ಭಾವ."

ಭಾವ ಕುರ್ಚಿಯಲ್ಲಿ ಕುಸಿದರು. ಆಗ ಪರದೆ ಹೊತ್ತು ಟೈಲರಮ್ಮ ಬಂದರು. ಬಸ್ ನಿಲ್ದಾಣದ ಮೈಕು ಮಾತಾಡುವ ಹಾಗೆ, ಮುಖದ ಒಂದು ಗೆರೆಯೂ ಅಲುಗದೆ ಶುರುಮಾಡಿದರು.

"ಪರದೆ ಇಲ್ಲಿ ಹಾಕಲಾ. ಅಲ್ಲಿ ಹಾಕಲಾ. ಮುಖ ಯಾಕೆ ಬಾಡಿದೆ. ಆಹಾ ಎಷ್ಟು ಚೆನ್ನಾಗಿದೆ. ಅಯ್ಯೋ ಹಾವು."

ಭಾವ ಕುರ್ಚಿ ಹತ್ತಿದರು. "ಎಲ್ಲಿ ಹಾವು?"

"ಹಾವಿಲ್ಲ. ಪರದೆ ಹಾವಿನ ಥರ ಸುತ್ತಿಕೊಂಡಿದೆ ಅಂದೆ. ಹೆದರಿದ್ರಾ. ಹೆದರಿದ್ರಿ."

ಟೈಲರಮ್ಮ ಹೋದ ಮೇಲೆ ಭಾವ ಕುರ್ಚಿಯಿಂದ ಇಳಿದು, ನನ್ನ ಕೈ ಹಿಡಿದು, ಮೆತ್ತಗಿನ ದನಿಯಲ್ಲಿ ಹೇಳಿದರು. "ಯಾರಿಗೂ ಹೇಳಬೇಡ ಕಣೋ. ನನ್ನ ಕಿವಿ ಹೋಯ್ತು. ಕೆಲವು ಅಕ್ಷರ ಕೇಳಿಸ್ತಾನೇ ಇಲ್ಲ, ಯಾರು ಕೇಳ್ತಿದಾರೆ ಯಾರು ಹೇಳ್ತಿದಾರೆ ಗೊತ್ತಾಗ್ತಿಲ್ಲ. ನಾಳೆ ಉದ್ಘಾಟನೆ. ಕಿವುಡನಿಗೆ ಧ್ವನಿ ವಿಭಾಗ ಯಾರು ಕೊಡ್ತಾರೆ? ನಿಮ್ಮಕ್ಕನಿಗೆ ಏನಂತ ಹೇಳಲಿ?"

ಅವರ ಕಣ್ಣು ನೋಡಿ ಇನ್ನು ಆಟ ಎಳೆಯುವುದು ಬೇಡವೆಂದು, "ನಡೀರಿ, ಸಿಸ್ಟರ್ ಹತ್ರ ಹೋಗೋಣ," ಎಂದು ರಸ್ತೆ ದಾಟಿಸಿದೆ. ಟೈಲರಮ್ಮನೂ ಹಿಂದೆ ಬಂದರು.

ಕಿವಿ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಒಂದು ಪುಟ್ಟ ಕೋಣೆಯಿದೆ, ಗೋಡೆಗೆಲ್ಲ ಮೆತ್ತೆ. ಒಳಗೆ ಹೋಗಿ ಬಾಗಿಲು ಹಾಕಿದರೆ ನಿಮ್ಮ ಹೊಟ್ಟೆಯೊಳಗಿನ ರಾಜಕೀಯವೂ ಕೇಳುತ್ತದೆ. ಭಾವನನ್ನು ಅದರಲ್ಲಿ ಕೂರಿಸಿ ನರ್ಸು ಸಣ್ಣ ಸಣ್ಣ ಸದ್ದು ಬಿಟ್ಟರು. ಕೇಳಿದಾಗಲೆಲ್ಲ ಭಾವ ಬೆರಳೆತ್ತಬೇಕು. ಅವರು ಎಷ್ಟು ಚುರುಕಾಗಿ ಎತ್ತಿದರೆಂದರೆ, ಒಂದೆರಡು ಸಲ ನರ್ಸು ಗುಂಡಿ ಒತ್ತುವ ಮೊದಲೇ ಬೆರಳು ಮೇಲಿತ್ತು.

ಬಾಗಿಲು ತೆಗೆದು ನರ್ಸು ಗಂಭೀರವಾಗಿ ಹೇಳಿದರು. "ಸಾರ್, ನಿಮ್ಮ ಇವಿ ಚೆನ್ನಾಗಿದೆ."

"ನನ್ನ ಏನು?"

"ಇವಿ. ಎರಡು ಇವಿನೂ."

ಭಾವ ಕಣ್ಣು ಮುಚ್ಚಿದರು. ಟೇಪಿನಲ್ಲಿ ಎಲ್ಲೋ ಇರುವೆ ನಡೆದದ್ದನ್ನು ಹಿಡಿಯುವಾಗ ಅವರು ಹಾಗೆ ಕೂರುವುದನ್ನು ನಾನು ನೋಡಿದ್ದೆ.

"ಸಿಸ್ಟರ್, ಮೂಗು ಅನ್ನಿ."

"ಮೂಗು."

"ಬಾಯಿ."

"ಬಾಯಿ."

"ಕಣ್ಣು."

"ಅಣ್ಣು."

"ಕುತ್ತಿಗೆ."

"ಉತ್ತಿಗೆ."

ಭಾವ ಸ್ಪ್ರಿಂಗಿನ ಹಾಗೆ ಮೇಲೆದ್ದರು. "ನನ್ನ ಕಿವಿಗೇನೂ ಆಗಿಲ್ಲ! ನಿಮ್ಮ ಬಾಯಲ್ಲಿ ಕ ಇಲ್ಲ! ಇವನ ಬಾಯಲ್ಲೂ ಇಲ್ಲ! ಏನ್ರೀ ಇದು, ಕ ತೆಗೆದುಬಿಟ್ರೆ ಕನ್ನಡದಲ್ಲಿ ಉಳಿಯೋದೇನು? ಅನ್ನಡ! ಈ ಟೈಲರಮ್ಮನಿಗೂ ದನಿ ಏರ್ತಾ ಇಲ್ಲ. ಯಾರು ಹೀಗೆ ಮಾಡಿದ್ದು?"

ನರ್ಸು ಅವರ ಎದುರು ಸ್ಟೂಲೆಳೆದು ಕೂತು, ತಮ್ಮ ಭಾಷೆಯಲ್ಲಿ ಬಸ್ಸಿನ ಕತೆ ಶುರುಮಾಡಿದರು. ಆ ಮೆತ್ತೆಯ ಕೋಣೆಯಲ್ಲಿ ಬಿರಡೆಗಳು ಟೊಕ್ಕೆಂದು ಹಾರಿದವು, ಕುದುರೆ ಹೊರಟಿತು, ಓಲೆ ಎರಡು ಸಲ ಲೊಚಗುಟ್ಟಿ ಬಿದ್ದುಹೋಯಿತು. ಅವರು ಮುಗಿಸಿದ ಮೇಲೆ ಟೈಲರಮ್ಮ ಮೂರೇ ಮಾತು ಹೇಳಿದರು. ಜಾರಿದ ಪಾ, ನಿಂತ ಪಾ, ಗಂಟಲಲ್ಲಿ ಬಿಗಿದ ಪಾ.

"ನಿಮ್ಮ ಮಾತಿಗೆ ಇಸ್ತ್ರಿ ಹೊಡೆದ್ರೆ ಸಿಟ್ಟು, ಭಯ ಹೋಗುತ್ತೆ ಸಾರ್," ಎಂದರು ಟೈಲರಮ್ಮ. "ನಮ್ಮಲ್ಲಿ ಪದಾನೇ ಹೋಗುತ್ತೆ."

ಭಾವನ ಮುಖದ ಬಣ್ಣ ಇಳಿಯಿತು. ಮೆತ್ತೆಯ ಗೋಡೆಗೆ ಒರಗಿದರು.

"ನಾನು ಅದನ್ನ ಹೆಕ್ಕಿ ಹೆಕ್ಕಿ ಎಸೆದೆ," ಎಂದರು. "ಒಂದೂ ಬಿಡಲಿಲ್ಲ."

"ಗೊತ್ತು ಸಾರ್. ಕೇಳಿದ್ವಿ," ಎಂದರು ನರ್ಸು.

"ಡೈರೆಕ್ಟರಮ್ಮ ಹೊಗಳಿದಾರೆ. ಕನ್ನಡಿ ಅಂದಿದಾರೆ." ಭಾವ ನನ್ನ ಕಡೆ ತಿರುಗಿದರು. "ನಾಳೆ ಬರೋರಿಗೆ ಈ ಎರಡು ಭಾಷೆ ಬರಲ್ಲ. ಹಾಗೇ ಬಿಟ್ರೆ ಯಾರಿಗೂ ಗೊತ್ತಾಗಲ್ಲ, ಅಲ್ವೇನೋ?"

"ಗೊತ್ತಾಗಲ್ಲ ಭಾವ," ಎಂದೆ. ಸುಳ್ಳೇಕೆ, ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಭಾವ ಮೇಜಿನ ಮೇಲಿದ್ದ ಫೋನೆತ್ತಿದರು. ಒರೆಸದೆ ಎತ್ತಿದರು, ನಾನು ಕಣ್ಣಾರೆ ಕಂಡದ್ದು. "ಅಮ್ಮಾ, ನೀವು ಮೆಚ್ಚಿಕೊಂಡ ಟೇಪು ಎರಡೂ ಕೆಟ್ಟಿದೆ. ಕೆಡಿಸಿದ್ದು ನಾನೇ. ಹಾಕಿದ್ರೆ ಇವರಿಬ್ಬರ ಮರ್ಯಾದೆ ಹೋಗುತ್ತೆ. ಇವತ್ತೇ ಹೊಸದಾಗಿ ಮಾಡಿಕೊಡ್ತೀನಿ. ಆಮೇಲೆ ಗೋದಾಮಿನ ಕೀಲಿ ಕೊಡಿ, ಇಳಿದು ಹೋಗ್ತೀನಿ."

ಡೈರೆಕ್ಟರಮ್ಮ ರಸ್ತೆ ದಾಟಿ ತಾವೇ ಬಂದರು. ಅಷ್ಟರಲ್ಲಿ ಭಾವ ಮೈಕು, ಯಂತ್ರ ಎಲ್ಲವನ್ನೂ ತರಿಸಿ ಆ ಕಿವಿ ಪರೀಕ್ಷೆಯ ಕೋಣೆಯಲ್ಲೇ ಹೂಡಿಬಿಟ್ಟಿದ್ದರು. ಊರಿನಲ್ಲಿ ಅಷ್ಟು ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲ, ತೊಳೆಯುವ ಕೆಲಸವೇ ಬೀಳುವುದಿಲ್ಲ. ನರ್ಸು ಹೇಳಿದರು, ಟೈಲರಮ್ಮ ಹೇಳಿದರು. ಡೈರೆಕ್ಟರಮ್ಮ ಹೊಸದನ್ನು ಒಂದು ಕಿವಿಗೆ, ಹಳೆಯದನ್ನು ಒಂದು ಕಿವಿಗೆ ಇಟ್ಟುಕೊಂಡು ಕೇಳಿದರು. ಕೇಳುತ್ತ ಕೇಳುತ್ತ ಅವರ ಕಿವಿಯೇ ಕೆಂಪಾಯಿತು.

"ಇದನ್ನಾ ನಾನು ಕನ್ನಡಿ ಅಂದಿದ್ದು?"

"ಹೌದಮ್ಮ."

"ಮತ್ತೆ ನಿಮ್ಮನ್ನ ಗೋದಾಮಿಗೆ ಹಾಕಿದ್ರೆ ನಾನೂ ಬಂದು ಪಕ್ಕದಲ್ಲಿ ಕೂತ್ಕೊಂಡು ಧೂಳು ಒರೆಸಬೇಕಾಗುತ್ತೆ. ನನಗೆ ಧೂಳು ಆಗಲ್ಲ, ಸೀನು ಬರುತ್ತೆ." ಹೆಡ್‌ಫೋನು ಕೆಳಗಿಟ್ಟರು. "ಧ್ವನಿ ವಿಭಾಗ ನೀವೇ ನೋಡ್ಕೊಳ್ಳಿ. ಇನ್ನು ಮೇಲೆ ಮೂಲ ಅಳಿಸೋ ಹಾಗಿಲ್ಲ. ಬಾಟಲಿಗೆ ತುಂಬ್ತೀರೋ ಡಬ್ಬಿಗೆ ತುಂಬ್ತೀರೋ, ನಿಮಗೆ ಬಿಟ್ಟಿದ್ದು."

ಭಾವ ಕೈ ಮುಗಿದರು, ಬಿಡಿಸಿದರು, ಮತ್ತೆ ಮುಗಿದರು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಆಟ ಮುಗಿದದ್ದನ್ನು ಅವಳಿಗೆ ಹೇಳುವುದನ್ನು ಈ ಗಡಿಬಿಡಿಯಲ್ಲಿ ನಾನು ಮರೆತೇಬಿಟ್ಟಿದ್ದೆ. ಸಂತೋಷದ ಸುದ್ದಿ ಎಲ್ಲರೆದುರೇ ಹೇಳಬೇಕೆಂದು ಭಾವ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು. ಮೈಕಿನ ಪಕ್ಕದಲ್ಲೇ.

"ರೀ!" ಅಕ್ಕನ ದನಿ ಆ ಮೆತ್ತೆಯ ಕೋಣೆಯಲ್ಲಿ ಗಂಟೆ ಹೊಡೆದ ಹಾಗಿತ್ತು. "ಅತ್ತಲಾಯ್ತು, ಇನ್ನೂ ಬಂದಿಲ್ವಲ್ಲ! ಎಲ್ಲಿ ಊತಿದೀರಿ? ಅತ್ತರಿ ತಗೊಂಡ್ರಾ? ಅನ್ನಡಅ ಇಲ್ಲದೆ ರಸ್ತೆ ಹೇಗೆ ದಾಟ್ತೀರಿ? ಅಣ್ಣು ಆಣ್ಸುತ್ತಾ?"

ಡೈರೆಕ್ಟರಮ್ಮ ಗಾಬರಿಯಾಗಿ, "ಮನೆಯವರಿಗೆ ಹುಷಾರಿಲ್ವಾ?" ಎಂದು ಪಿಸುಗುಟ್ಟಿದರು.

ನಾನು ಮೂಲೆಗೆ ಸರಿದೆ. ನರ್ಸು ಕೈಯಿಂದ ಬಾಯಿ ಮುಚ್ಚಿಕೊಂಡರು. ಭಾವ ಫೋನನ್ನು ನೋಡಿದರು, ನನ್ನನ್ನು ನೋಡಿದರು, ಕಾವಲಿನವನ ಸೆಲ್ಯೂಟಿನಿಂದ ಶುರುವಾಗಿ ಒಂದೊಂದೇ ಅವರ ಮುಖದ ಮೇಲೆ ಹಾದುಹೋಗುವುದು ಕಾಣುತ್ತಿತ್ತು.

"ನೀನೂನಾ?" ಎಂದರು ಫೋನಿಗೆ.

"ಏನು ನಾನೂನಾ?"

ಭಾವ ಗಂಟಲು ಸರಿಮಾಡಿಕೊಂಡು, ಅತ್ಯಂತ ಗಾಂಭೀರ್ಯದಿಂದ, ಒಂದೊಂದು ಅಕ್ಷರವನ್ನೂ ಒರೆಸಿ ಇಡುವ ಹಾಗೆ ಹೇಳಿದರು.

"ಆಯ್ತು ಅಣೇ. ಅತ್ತರಿ ತರ್ತೀನಿ. ಆಫಿ ಆಸಿಡು, ಬಂದು ಉಡೀತೀನಿ."

ಆ ಕಡೆ ಅಕ್ಕ ಕಿಸಕ್ಕೆಂದಳು. ನರ್ಸು ಸ್ಟೂಲಿನಿಂದ ಜಾರಿದರು. ಟೈಲರಮ್ಮನ ನಗುವಿಗೆ ಅವರ ಭಾಷೆಯ ಎಲ್ಲ ರಾಗವೂ ಸಾಲಲಿಲ್ಲ. ಏನೆಂದು ತಿಳಿಯದ ಡೈರೆಕ್ಟರಮ್ಮನೂ ನಗತೊಡಗಿದರು. ಆದರೆ ಭಾವ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಮೆತ್ತೆಯ ಗೋಡೆಗೆ ಗುದ್ದಿ, ಮೂಗು ಕಣ್ಣು ಎರಡರಲ್ಲೂ ನೀರು ಸುರಿಸುತ್ತ. ನಾನು ನಡುವೆ ಉತ್ಪ್ರೇಕ್ಷೆ ಸೇರಿಸುತ್ತಿದ್ದೇನೆ ಎಂದು ನಿಮಗನ್ನಿಸಬಹುದು. ರೆಕಾರ್ಡಿಂಗ್ ಯಂತ್ರವೇ ಸಾಕ್ಷಿ, ಅದನ್ನು ಆರಿಸುವುದನ್ನು ಎಲ್ಲರೂ ಮರೆತಿದ್ದರು. ನಮ್ಮೆಲ್ಲರ ನಗು ಸೇರಿದರೂ ಅದರ ಸದ್ದಳೆಯುವ ಮುಳ್ಳು ಹಸಿರಿನಲ್ಲೇ ತೊನೆಯುತ್ತಿತ್ತು. ಭಾವ ಬಾಯಿ ತೆರೆದ ಕೂಡಲೆ ಕೆಂಪಿಗೆ ಹಾರಿ, ಕೊನೆಯ ಗೆರೆಗೆ ಬಡಿದು, ಅಲ್ಲೇ ನಡುಗುತ್ತ ನಿಂತಿತು.